ಪರದೆಯ ಈಚೆ ನಿಂತು ಕೇಳಿದ ಹೆರಿಗೆ

ನಾನು ನಿಂತಿದ್ದದ್ದು ಹೆರಿಗೆ ಕೋಣೆಯ ಬಾಗಿಲಿಗೂ ಪರದೆಗೂ ನಡುವೆ, ಇಬ್ಬರು ನಿಂತರೆ ಮೈಗೆ ಮೈ ತಾಗುವಷ್ಟು ಜಾಗದಲ್ಲಿ. ಬಲಗಡೆ ಕೈ ತೊಳೆಯುವ ಸಿಂಕ್. ಎದುರಿನ ಗೋಡೆಯಲ್ಲಿ ಕೈಗವಸುಗಳ ಡಬ್ಬಿಗಳು. ಬೆನ್ನಿಗೆ ಪರದೆ. ಅದು ಫೆಬ್ರವರಿಯ ಒಂದು ಗುರುವಾರ. ವಾರ್ಡಿನ ಊಟದ ಗಾಡಿ ಬಂದು ಹೋಗಿ ಸ್ವಲ್ಪ ಹೊತ್ತಾಗಿತ್ತು; ಕಾರಿಡಾರಿನಲ್ಲಿ ಬೇಯಿಸಿದ ಆಲೂಗಡ್ಡೆಯ ವಾಸನೆ ಇನ್ನೂ ಇತ್ತು. ಊರು ಲಂಡನ್. ಆಸ್ಪತ್ರೆಯ ಹೆಸರು ಬೇಡ.

ಇಷ್ಟನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ಮುಂದೆ ಬರೆಯುವ ಸಂಗತಿಯಲ್ಲಿ ನಾನು ಕಣ್ಣಾರೆ ಕಂಡದ್ದು ಬಹಳ ಕಡಿಮೆ. ಕೇಳಿದ್ದನ್ನು ಮಾತ್ರ ಕೇಳಿದ ಹಾಗೆ ಹೇಳಬಲ್ಲೆ.

ನಾನು ಆಸ್ಪತ್ರೆಗಳಲ್ಲಿ ಕನ್ನಡದ ದುಭಾಷಿ. ಮನೆ ಲಂಡನ್ನಿನ ಹ್ಯಾರೋದಲ್ಲಿ. ನನ್ನ ಕೆಲಸದ ನಿಯಮಗಳು ಸರಳ. ಕೋಣೆಯಲ್ಲಿ ಯಾರು ಏನೇ ಆಡಲಿ, ಅದನ್ನು ಇನ್ನೊಂದು ಭಾಷೆಯಲ್ಲಿ ಪೂರ್ತಿಯಾಗಿ ಹೇಳಬೇಕು. ಬೈಗುಳವಾದರೆ ಬೈಗುಳ, ತಮಾಷೆಯಾದರೆ ತಮಾಷೆ. ಆಡಿದವರು 'ನಾನು' ಎಂದರೆ ನಾನೂ 'ನಾನು' ಎಂದೇ ಹೇಳಬೇಕು. ನನ್ನದೇ ಮಾತು ಸೇರಿಸಬಾರದು. ಕೋಣೆಯ ಹೊರಗೆ ಕೇಳಿದ್ದನ್ನು ಒಳಗೆ ತರಬಾರದು, ಒಳಗಿನದನ್ನು ಹೊರಗೆ ಒಯ್ಯಬಾರದು. ಹೆಂಗಸರ ಪರೀಕ್ಷೆಯ ಹೊತ್ತಿಗೆ ಗಂಡಸು ದುಭಾಷಿ ಪರದೆಯ ಈಚೆ ನಿಂತು ಧ್ವನಿಯಿಂದಲೇ ಕೆಲಸ ಮಾಡಬೇಕು. ಈ ಕಥೆಯ ಮನೆಯವರು ಬರೆಯಲು ಒಪ್ಪಿದ್ದಾರೆ. ಅವರ ಗುರುತು ಸಿಗದಂತೆ ಬರೆದಿದ್ದೇನೆ. ವೈದ್ಯರ ಇಂಗ್ಲಿಷನ್ನು ನಾನು ಆಗ ಕನ್ನಡದಲ್ಲಿ ಹೇಳಿದ ಹಾಗೆಯೇ ಇಲ್ಲೂ ಇಟ್ಟಿದ್ದೇನೆ.

ಇದು ಶುರುವಾದದ್ದು ಹಿಂದಿನ ಜುಲೈನಲ್ಲಿ, ಲಂಡನ್ನಿನ ಪಶ್ಚಿಮದ ಹೇಸ್ ಕಡೆಯ ಆಸ್ಪತ್ರೆಯೊಂದರಲ್ಲಿ. ಬಂದವಳು ಕುಂದಾಪುರದ ಕಡೆಯ ಹೆಂಗಸು, ಚೊಚ್ಚಲ ಬಸಿರು. ಗಂಡ ಇಲ್ಲಿನ ಹೋಟೆಲೊಂದರಲ್ಲಿ ಅಡುಗೆಯವನು. ಮದುವೆಯಾಗಿ ಅವಳು ಲಂಡನ್ನಿಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಗಂಡನಿಗೆ ಕೆಲಸ ನಡೆಸುವಷ್ಟು ಇಂಗ್ಲಿಷ್ ಬರುತ್ತಿತ್ತು, ಆದರೆ ಮನೆಯವರೇ ದುಭಾಷಿಗಳಾಗುವುದನ್ನು ಆಸ್ಪತ್ರೆ ಒಪ್ಪುವುದಿಲ್ಲ. ಹಾಗಾಗಿ ನಾನು. ನಾನು ತುಮಕೂರಿನವನಾದರೂ ಒಂದು ಕಾಲದಲ್ಲಿ ಹ್ಯಾರೋದ ಹೋಟೆಲಿನಲ್ಲಿ ಲೆಕ್ಕ ಬರೆಯುತ್ತಿದ್ದೆ, ಅಲ್ಲಿನ ಅಡುಗೆಮನೆಯಿಂದ ಕುಂದಾಪುರದ ಮಾತು ಕಿವಿಗೆ ಹತ್ತಿತ್ತು.

ಮೊದಲ ಭೇಟಿಯ ಪ್ರಶ್ನೆಗಳಲ್ಲಿ ಒಂದು, ಮನೆತನದಲ್ಲಿ ಯಾರಿಗಾದರೂ ರಕ್ತಸ್ರಾವದ ಕಾಯಿಲೆ ಇದೆಯೇ ಎಂಬುದು. ಇದಕ್ಕೆ ಸಾಮಾನ್ಯವಾಗಿ 'ಇಲ್ಲ' ಎಂಬ ಉತ್ತರ ಬಂದು ಮುಂದಿನ ಪ್ರಶ್ನೆಗೆ ಹೋಗುತ್ತೇವೆ. ಅವಳು ಗಂಡನ ಮುಖ ನೋಡಿ, "ನನ್ನ ಅಣ್ಣಂಗೆ ಇತ್ತ್" ಎಂದಳು.

ಅವರ ಕಡೆಯ ಮಾತಿನಲ್ಲಿ ಇತ್ತ್ ಎಂದರೆ ಇದೆ. ಅಣ್ಣನಿಗೆ ಹಿಮೋಫಿಲಿಯಾ. ಗಾಯವಾದರೆ ರಕ್ತ ಹೆಪ್ಪುಗಟ್ಟುವುದಿಲ್ಲ. ಗಾಯವೇ ಆಗದೆ ಮಂಡಿಯೊಳಗೆ, ತೊಡೆಯೊಳಗೆ ರಕ್ತ ತುಂಬಿಕೊಳ್ಳುತ್ತದೆ. ಅದು ತಾಯಿಯಿಂದ ಬರುವ ಕಾಯಿಲೆ, ಆದರೆ ತಾಯಿಗೆ ಹೆಚ್ಚು ಬಾಧಿಸುವುದಿಲ್ಲ. ಪರೀಕ್ಷೆ ಮಾಡಿದಾಗ ಅವಳಲ್ಲೂ ಆ ಅಂಶ ಇರುವುದು ತಿಳಿಯಿತು. ರಕ್ತದ ಕಾಯಿಲೆಗಳ ನರ್ಸ್ ಒಬ್ಬಾಕೆ ಇಬ್ಬರನ್ನೂ ಕೂರಿಸಿಕೊಂಡು ವಿವರಿಸಿದಳು. ಮಗು ಹೆಣ್ಣಾದರೆ ಹುಟ್ಟುವ ಹೊತ್ತಿಗೆ ದೊಡ್ಡ ಅಪಾಯವಿಲ್ಲ. ಗಂಡಾದರೆ ಕಾಯಿಲೆ ಇರುವ ಸಾಧ್ಯತೆ ಅರ್ಧಕ್ಕರ್ಧ. "ನಿಮ್ಮ ತೋಳಿನಿಂದ ರಕ್ತ ತೆಗೆದು ಪರೀಕ್ಷಿಸಿದರೆ ಸಾಕು, ಗಂಡೋ ಹೆಣ್ಣೋ ಈಗಲೇ ತಿಳಿಯುತ್ತದೆ. ಮಗುವಿಗೆ ಯಾವ ತೊಂದರೆಯೂ ಇಲ್ಲ. ಮಾಡೋಣವೇ?"

"ಬ್ಯಾಡ" ಎಂದಳು ಅವಳು.

ಗಂಡ ಅವಳ ಕಡೆ ತಿರುಗಿ ನಗುತ್ತಾ, "ನಮ್ಮೂರಲ್ಲಿ ಹೇಳಿದ್ರೆ ಡಾಕ್ಟ್ರಿಗೆ ಜೈಲ್. ಇಲ್ಲಿ ಅವ್ರೇ ಕರ್ದ್ ಕರ್ದ್ ಹೇಳ್ತೆ ಅಂಬ್ರ್. ನಿಂಗೆ ಅದೂ ಬ್ಯಾಡ!" ಎಂದ. ಅದನ್ನೂ ಇಂಗ್ಲಿಷಿನಲ್ಲಿ ಹೇಳಿದೆ. ನರ್ಸ್ ನಕ್ಕಳು. ಅವಳು ನಗಲಿಲ್ಲ.

ನರ್ಸ್ ಕಾರಣ ಕೇಳಿದಾಗ ಅವಳು ಅಣ್ಣನ ಕಥೆ ಹೇಳಿದಳು. ಅಣ್ಣ ಕೂಸಾಗಿದ್ದಾಗ ಅಜ್ಜಿ ಮೀಸುತ್ತಿದ್ದಳು. ಎಣ್ಣೆ ಹಚ್ಚಿ, ಕೈಕಾಲು ನೀವಿ ಎಳೆದು ಬಿಸಿನೀರು ಹೊಯ್ಯುವುದನ್ನು ಅವರ ಕಡೆ ಮೀಸುವುದು ಎನ್ನುತ್ತಾರೆ. ಒಂದು ದಿನ ಮೀಸಿದ ಮೇಲೆ ಕೂಸಿನ ತೊಡೆ ಬಾತು ನೀಲಿಯಾಯಿತು. ಅಲ್ಲಿಂದ ಕಾಯಿಲೆ ಗೊತ್ತಾಯಿತು. "ಆಮೇಲೆ ನಮ್ಮನೇಲಿ ಅವ್ನನ್ನ್ ಯಾರೂ ಎತ್ಕಳಿಲ್ಲ. ಅಬ್ಬಿ ಅವ್ನ ಸುತ್ತ ಕಂಬ್ಳಿ ಮಡ್ಸಿ ಇಡ್ತಿದ್ಳ್. ನಂಗೂ ಹೇಳ್ತಿದ್ಳ್, ಅವ್ನನ್ನ್ ಮುಟ್ಟುಕಾಗ ಅಂತ. ಕಾಣಿ, ನಾವ್ ಅಣ್ಣ ತಂಗಿ ಒಂದ್ ಸಲವೂ ಹೊಡ್ದಾಡ್ಕಳಿಲ್ಲ." ಅಬ್ಬಿ ಎಂದರೆ ಅವಳ ತಾಯಿ. ಮತ್ತೆ, "ಗಂಡು ಅಂತ ಗೊತ್ತಾದ್ರೆ ನಂಗೆ ಈಗ್ಳೇ ಹೆದ್ರಿಕೆ ಶುರು ಆತ್ತ್. ಹೊಟ್ಟೆ ಮೇಲೆ ಕೈ ಇಡುಕೂ ಹೆದ್ರಿಕೆ. ಹುಟ್ಟುವರೆಗಾದ್ರೂ ಇದನ್ನ್ ಹೆದ್ರದೆ ಮುಟ್ಟುಕ್ ಬೇಕ್ ನಂಗೆ" ಎಂದಳು.

ನರ್ಸ್ ಒತ್ತಾಯ ಮಾಡಲಿಲ್ಲ. ತಿಳಿಯದೇ ಇದ್ದರೂ ನಡೆಯುತ್ತದೆ, ಆದರೆ ಆಗ ಮಗು ಗಂಡೇ, ಕಾಯಿಲೆ ಇದ್ದೇ ಇದೆ ಎಂದು ಭಾವಿಸಿ ಎಲ್ಲ ಸಿದ್ಧತೆ ಮಾಡಬೇಕಾಗುತ್ತದೆ ಎಂದಳು. ಮನೆಗೆ ಹತ್ತಿರವಿರುವ ಈ ಆಸ್ಪತ್ರೆಯಲ್ಲಿ ಹೆರಿಗೆ ಆಗದು. ರಕ್ತದ ತಜ್ಞರಿರುವ, ಊರ ನಡುವಿನ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಅವಳು ಒಪ್ಪಿದಳು. ನನಗೆ ಆಗ ಇದು ಇಲ್ಲಿಗೆ ಮುಗಿದ ವಿಷಯದಂತೆ ಕಂಡಿತ್ತು.

ಅಕ್ಟೋಬರಿನ ದೊಡ್ಡ ಸ್ಕ್ಯಾನಿನ ಹೊತ್ತಿಗೆ ಊರಿನಿಂದ ಅವಳ ಅತ್ತೆ ಬಂದಿದ್ದರು. ಬಾಣಂತನಕ್ಕೆಂದು ಬಂದವರು, ವೀಸಾ ಇದ್ದದ್ದು ಆರು ತಿಂಗಳಿಗೆ. ಸೀರೆಯ ಮೇಲೆ ಮಗನ ಜಾಕೆಟ್ ಹಾಕಿದ್ದರು, ಎರಡೂ ಕೈತುಂಬ ಗಾಜಿನ ಬಳೆ. ಪರದೆಯ ಈಚೆ ನಿಂತವನಿಗೆ ಆ ಬಳೆಯ ಸದ್ದೇ ಗುರುತು: ಅವರು ಎಲ್ಲಿ ಕೂತರು, ಯಾವಾಗ ಎದ್ದರು ಎಲ್ಲ ತಿಳಿಯುತ್ತಿತ್ತು. ಅವರಿಗೂ ಕಾಯಿಲೆಯ ಸಂಗತಿ ತಿಳಿದಿತ್ತು, ಮಗ ಹೇಳಿದ್ದ.

ಸ್ಕ್ಯಾನ್ ಮಾಡುವಾಕೆ ತಲೆ, ಹೃದಯ, ಬೆನ್ನುಮೂಳೆ ಎಂದು ಒಂದೊಂದಾಗಿ ಹೇಳುತ್ತಾ ಹೋದಳು, ನಾನು ಹಿಂದಿನಿಂದ ಹೇಳುತ್ತಾ ಹೋದೆ. ಅತ್ತೆ ನಡುವೆ, "ಅವ್ರ್ ಒಂದ್ ಗೇಣ್ ಮಾತಾಡ್ರೆ ಇವ್ರ್ ಒಂದ್ ಮೊಳ ಹೇಳ್ತ್ರಲೆ" ಎಂದು ನನ್ನನ್ನು ಹಂಗಿಸಿದರು. ಅದನ್ನೂ ಹೇಳಿದೆ. ಕಾಲುಗಳ ಹತ್ತಿರ ಬಂದಾಗ ಸ್ಕ್ಯಾನ್‌ನವಳು ಯಂತ್ರದ ಮಾನಿಟರನ್ನು ತನ್ನ ಕಡೆ ತಿರುಗಿಸಿಕೊಂಡಿರಬೇಕು, ಚಕ್ರದ ಸದ್ದಾಯಿತು.

"ಗಂಡಾ ಹೆಣ್ಣಾ?" ಎಂದರು ಅತ್ತೆ.

ನಾನು ಹೇಳಿದೆ. ಅದು ತಾಯಿಯ ನಿರ್ಧಾರ ಎಂದಳು ಸ್ಕ್ಯಾನ್‌ನವಳು. ಸೊಸೆ, "ಹೇಳ್ಬ್ಯಾಡಿ" ಎಂದಳು.

"ನಂಗ್ ಒಬ್ಳಿಗೆ ಹೇಳಿ. ಇವ್ಳಿಗೆ ಬ್ಯಾಡ್ದಿದ್ರೆ ಬ್ಯಾಡ. ನಾನ್ ಬಾಯಿ ಬಿಡುದಿಲ್ಲ."

"ಅತ್ತೆ, ಸುಮ್ನಿರಿ."

"ನಂಗೆ ಬೇಕೇ ಬೇಕ್, ಹೆಣೆ. ನಿಂಗ್ ಎಂತ ಗೊತ್ತಿತ್ತ್?"

ನಾನು ಎಲ್ಲವನ್ನೂ ಹೇಳಿದೆ, ಸೊಸೆಯನ್ನು ಕರೆದ ಆ 'ಹೆಣೆ'ಯನ್ನೂ ಬಿಡದೆ. ಇಂಗ್ಲಿಷಿನಲ್ಲಿ ಹೇಳಿದಾಗ ಆ ಮಾತುಗಳು ಹೇಗೆ ಕೇಳಿಸುತ್ತವೆ ಎಂದು ನನಗೇ ಗೊತ್ತಾಗುತ್ತಿತ್ತು. ಸ್ಕ್ಯಾನ್ ನಿಂತಿತು. ಆಕೆ ಅತ್ತೆಯನ್ನು ಹೊರಗೆ ಕೂರಲು ಹೇಳಿ, ಒಬ್ಬ ಮಿಡ್‌ವೈಫನ್ನು, ಎಂದರೆ ಹೆರಿಗೆಯ ದಾದಿಯನ್ನು, ಕರೆಸಿದಳು. ಮಿಡ್‌ವೈಫ್ ಬಂದು ಮೆಲುದನಿಯಲ್ಲಿ ಕೇಳಿದಳು: "ಹೆಣ್ಣು ಮಗುವಾದರೆ ಮನೆಯಲ್ಲಿ ಯಾರಾದರೂ ನಿಮಗೆ ತೊಂದರೆ ಕೊಡುತ್ತಾರೆಯೇ? ಗಂಡೇ ಆಗಬೇಕೆಂಬ ಒತ್ತಡ ಇದೆಯೇ?"

ಸೊಸೆಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಎರಡನೆಯ ಸಲ ಹೇಳಿದಾಗ ನಗು ಬಂತು. ಆ ಭೇಟಿಗಳಲ್ಲಿ ಅವಳು ನಕ್ಕದ್ದು ಕೇಳಿದ್ದು ಅದೇ ಮೊದಲು. "ತೊಂದ್ರೆಯಾ? ಹೆಣ್ಣಾದ್ರೆ ದೇವಿಗೆ ಸೀರೆ ಉಡ್ಸ್ತೆ ಅಂತ ನಮ್ಮ ಅತ್ತೆ ಹರಕೆ ಹೇಳ್ಕಂಡ್ ಬಂದಿದ್ರ್!"

ಮಿಡ್‌ವೈಫ್, "ಹಾಗಾದರೆ ಅವರಿಗೆ ತಿಳಿಯಲೇಬೇಕೆಂಬ ಹಟವೇಕೆ?" ಎಂದಳು.

"ಅದ್ ನಂಗೂ ಗೊತ್ತಿಲ್ಲ" ಎಂದಳು ಸೊಸೆ.

ನಾನೂ ಅದನ್ನು ಹಟವೆಂದೇ ಎಣಿಸಿದ್ದೆ.

ಕೆಲಸ ಮುಗಿಸಿ ಹೊರಗೆ ಬಂದಾಗ ಅತ್ತೆ ಬೆಂಚಿನ ತುದಿಯಲ್ಲಿ ಕೂತಿದ್ದರು. ನಿಯಮದ ಪ್ರಕಾರ ನಾನು ಅಲ್ಲಿ ನಿಲ್ಲಬಾರದು. ಅವರು ದಾರಿಗೆ ಅಡ್ಡ ಕಾಲು ಚಾಚಿದರು.

"ಹ್ವಾಯ್. ನೀವ್ ಒಳಗ್ ಇದ್ದ್ರಿ. ನಿಮ್ಗೆ ಗೊತ್ತಿತ್ತ್."

"ಇಲ್ಲಮ್ಮ. ನಾನು ಪರದೆ ಈಚೆ. ನನಗೂ ಹೇಳೋದಿಲ್ಲ."

"ನಾನ್ ಗಂಡ್ ಬೇಕ್ ಅಂತ ಕೇಳುದ್ ಅಂತ ಮಾಡಿದ್ರಾ ಅವ್ರ್?"

ಒಳಗಿನ ಮಾತು ಹೊರಗೆ ತರುವಂತಿಲ್ಲ. ಅವರು ಎರಡೂ ಅಂಗೈಗಳನ್ನು ನನ್ನ ಮುಂದೆ ಚಾಚಿದರು. "ಕಾಣಿ. ಊರಲ್ಲಿ ಈ ಕೈಯಂಗೆ ಮೀಸಿದ್ ಶಿಶುಗಳು ಎಷ್ಟೋ. ಕೈಗೆ ಅದ್ರದ್ದೇ ಒಂದ್ ಲೆಕ್ಕ ಇರ್ತ್ತ್ ಮಾರಾಯ್ರೆ, ಹಿಡುದ್, ಎಳುದ್, ಒತ್ತುದ್. ನಾನ್ ಹೇಳ್ರೆ ಕೈ ಕೇಂತಿಲ್ಲ. ಹೆಣ್ಣಾದ್ರೆ ಮೀಸುಕೆ ಅಡ್ಡಿಲ್ಲ. ಗಂಡಾದ್ರೆ, ಇವ್ಳ ಅಣ್ಣಂದ್ ಆದ್ ಹಾಂಗೆ ಆದ್ರೆ? ನಂಗಲ್ಲ ಗೊತ್ತಾಯ್ಕಾದ್ದು. ಈ ಕೈಗೆ ಗೊತ್ತಾಯ್ಕ್, ಈಗ್ಳೇ. ಅದು ಕಲೀಕೆ ಸಮಯ ಬೇಕ್."

ಆಗ ನಾನು ಮಾಡಿದ್ದು ಒಂದೇ. ಇದನ್ನು ನಾನು ಒಯ್ದು ಹೇಳುವಂತಿರಲಿಲ್ಲ. ಕೇಳದ ಹಾಗೆ ಹೋಗಿಬಿಡಲೂ ಮನಸ್ಸಾಗಲಿಲ್ಲ. "ಅಮ್ಮ, ಇದನ್ನ ಒಳಗೆ ಹೇಳಿ. ಎಲ್ಲರ ಮುಂದೆ ಹೇಳಿ. ನಾನು ಹೇಳಿದ ಹಾಗೇ ಹೇಳ್ತೀನಿ" ಎಂದೆ.

"ಅವ್ರ್ ನನ್ನನ್ನ್ ಒಳಗ್ ಬಿಡುದಿಲ್ಲಲೆ."

"ಸೊಸೆ ಕರೆದರೆ ಬಿಡ್ತಾರೆ."

ನಿಯಮ ಮೀರಿದ್ದು ಅಷ್ಟು. ನನ್ನನ್ನು ಕೆಲಸಕ್ಕೆ ಕಳಿಸುವ ಏಜೆನ್ಸಿಗೆ ಅದನ್ನು ಅವತ್ತೇ ತಿಳಿಸಿದೆ. ಅವರು ಮುಂದಿನ ಭೇಟಿಗೆ ನನ್ನನ್ನು ಬಿಟ್ಟು ಫೋನಿನಲ್ಲಿ ಬೇರೆ ದುಭಾಷಿಯನ್ನು ಗೊತ್ತು ಮಾಡಿದರು. ಆಮೇಲೆ ತಿಳಿದಂತೆ, ಬೆಂಗಳೂರಿನ ಆ ಹೆಣ್ಣುಮಗಳಿಗೆ ಅತ್ತೆಯ ಮಾತು ಅರ್ಧವೂ ಹತ್ತಲಿಲ್ಲ. ನಡುವೆ ಫೋನೂ ಕಡಿದುಹೋಯಿತು. ಮಾತು ಮುಗಿಯದೆಯೇ ಎಲ್ಲರೂ ಎದ್ದರು. ಡಿಸೆಂಬರಿನ ಭೇಟಿಗೆ ಹಿಂದಿನವರೇ ಬೇಕೆಂದು ಸೊಸೆ ಕೇಳಿದ್ದರಿಂದ ನನ್ನನ್ನು ಮತ್ತೆ ಕರೆದರು.

ಅದು ದೊಡ್ಡ ಆಸ್ಪತ್ರೆಯಲ್ಲಿ ಹೆರಿಗೆಯ ಯೋಜನೆ ಬರೆಯುವ ಭೇಟಿ. ಪ್ರಸೂತಿಯ ಹಿರಿಯ ವೈದ್ಯೆ, ರಕ್ತದ ತಜ್ಞ, ಒಬ್ಬ ಮಿಡ್‌ವೈಫ್, ಗಂಡ, ಹೆಂಡತಿ, ಅತ್ತೆ. ಪರೀಕ್ಷೆ ಇರಲಿಲ್ಲವಾದ್ದರಿಂದ ಪರದೆಯೂ ಇರಲಿಲ್ಲ. ನಾನು ಎಲ್ಲರನ್ನೂ ನೋಡಿದ ಭೇಟಿ ಅದೊಂದೇ.

ಸೊಸೆ ಮೊದಲೇ, "ಅತ್ತೆಗೆ ಒಂದ್ ಮಾತ್ ಹೇಳ್ಕ್ ಅಂಬ್ರ್" ಎಂದಳು. ಅತ್ತೆ ಕೈಯ ವಿಷಯ ಹೇಳಿದರು, ಬೆಂಚಿನ ಮೇಲೆ ಹೇಳಿದ ಹಾಗೆಯೇ. ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಸೊಸೆ ಅತ್ತೆಯ ಕೈಯನ್ನೇ ನೋಡುತ್ತಿದ್ದಳು.

ಮಿಡ್‌ವೈಫ್ ಕಪಾಟಿನಿಂದ ಮಗುವಿನ ಅಳತೆಯ ಬಟ್ಟೆಯ ಗೊಂಬೆ ತಂದುಕೊಟ್ಟಳು, ಹಾಲೂಡಿಸುವುದನ್ನು ಕಲಿಸಲು ಇಟ್ಟಿರುವುದು. "ನೀವು ಹೇಗೆ ಸ್ನಾನ ಮಾಡಿಸುತ್ತೀರಿ ತೋರಿಸಿ" ಎಂದಳು. ಅತ್ತೆ ಕುರ್ಚಿ ಬಿಟ್ಟು ನೆಲದ ಮೇಲೆ ಕೂತು ಕಾಲು ನೀಡಿದರು. ಗೊಂಬೆಯನ್ನು ಎರಡು ಕಣಕಾಲುಗಳ ನಡುವೆ ಬೋರಲು ಹಾಕಿದರು. ಬೆನ್ನು ನೀವಿದರು. ಒಂದು ಕೈ, ಎದುರು ಕಾಲು ಹಿಡಿದು ಬೆನ್ನ ಮೇಲೆ ಕೂಡಿಸಿದರು. ಅಂಗಾತ ಹಾಕಿ ಮೂಗು ತೀಡಿದರು, ತಲೆಯನ್ನು ಎರಡು ಅಂಗೈಯಲ್ಲಿ ಒತ್ತಿ ದುಂಡಗೆ ಮಾಡಿದರು, ಕೊನೆಗೆ ಕಾಲು ಹಿಡಿದು ತಲೆಕೆಳಗಾಗಿ ಎತ್ತಿದರು. ಗೊಂಬೆಗೆ ಬಳೆಗಳು ಬಡಿಯುತ್ತಿದ್ದವು. ಬಹಳ ಚುರುಕಾದ ಕೈ. ನೋಡಲು ಚೆಂದವಿತ್ತು, ಭಯವೂ ಆಗುತ್ತಿತ್ತು.

ರಕ್ತದ ತಜ್ಞ ತಾನೂ ನೆಲದ ಮೇಲೆ ಕೂತ. "ನೀವುವುದು ಆಗಬಹುದು. ಎಳೆಯುವುದು ಬೇಡ. ತಲೆ ಒತ್ತುವುದು ಬೇಡವೇ ಬೇಡ. ತಲೆಕೆಳಗೆ ಎತ್ತುವುದು ಯಾವ ಮಗುವಿಗೂ ಬೇಡ. ಈ ಬಳೆಗಳನ್ನು ತೆಗೆದಿಡಿ" ಎಂದ. ಆಮೇಲೆ ಹೇಳಿದ್ದು ಮುಖ್ಯ: "ಗಂಡೋ ಹೆಣ್ಣೋ ತಿಳಿದು ಕೈ ಬದಲಿಸಬೇಕಾಗಿಲ್ಲ. ಹುಟ್ಟಿದ ಕೂಡಲೇ ಹೊಕ್ಕುಳಬಳ್ಳಿಯ ರಕ್ತ ಪರೀಕ್ಷಿಸುತ್ತೇವೆ. ಅಲ್ಲಿಯವರೆಗೆ ಯಾವ ಮಗುವಾದರೂ ಹೀಗೆಯೇ ಮುಟ್ಟಿ. ಮುಟ್ಟದೆ ಮಾತ್ರ ಇರಬೇಡಿ."

ಅತ್ತೆ ಎರಡನೆಯ ಸಲ ತೋರಿಸಿದರು. ಕೈ ತಾನಾಗಿಯೇ ಗೊಂಬೆಯ ಕಾಲು ಎಳೆಯಿತು. "ಕಂಡ್ರ್ಯಾ? ಹೇಳ್ರೆ ಕೇಂತಿಲ್ಲ ಇದು" ಎಂದು ತಮ್ಮ ಬಲಗೈಗೆ ಎಡಗೈಯಿಂದ ಪೆಟ್ಟು ಕೊಟ್ಟರು. ಎಲ್ಲರೂ ನಕ್ಕರು. ಸೊಸೆಯೂ. ಗಂಡ ನನ್ನ ಕಡೆ ಬಾಗಿ, "ಅಣ್ಣ, ಅಮ್ಮ ನನ್ನನ್ನೂ ಹೀಗೇ ಎತ್ತಿ ಕುಲುಕಿದ್ರಂತೆ. ಅದ್ಕೇ ನಾನ್ ಹೀಂಗಾದ್ದು" ಎಂದ. ಗೊಂಬೆಯನ್ನು ಆಸ್ಪತ್ರೆಯವರು ಮನೆಗೆ ಕೊಟ್ಟು ಕಳಿಸಿದರು.

ಪ್ರಸೂತಿ ವೈದ್ಯೆ ಸೊಸೆಯನ್ನು ಮತ್ತೊಮ್ಮೆ ಕೇಳಿದಳು: ಈಗಲೂ ತಿಳಿಯುವುದು ಬೇಡವೇ? "ಬ್ಯಾಡ. ಹುಟ್ಟಿದ್ ಮೇಲೂ ಯಾರೂ ಹೇಳುಕಾಗ. ನಾನೇ ಕಾಂತೆ." ವೈದ್ಯೆ ಹೇಳುತ್ತಾ ಬರೆದುಕೊಂಡಳು: ಲಿಂಗವನ್ನು ಯಾರೂ ಹೇಳಬಾರದು, ತಾಯಿಯೇ ನೋಡುತ್ತಾಳೆ. ಹೆರಿಗೆ ನಿಗದಿ ಮಾಡಿದ ದಿನ, ಹಗಲಿನಲ್ಲಿ. ಪರೀಕ್ಷೆಗೆಂದು ಮಗುವಿನ ತಲೆಗೆ ಸೂಜಿ ಚುಚ್ಚುವಂತಿಲ್ಲ. ತಲೆ ಹಿಡಿದು ಎಳೆಯುವ ಇಕ್ಕಳ ಇಲ್ಲ. ತಲೆಗೆ ಅಂಟಿಸಿ ಎಳೆಯುವ ಬಟ್ಟಲು ಇಲ್ಲ. ಆ ಬಟ್ಟಲು ಎಂದರೆ ಏನೆಂದು ಅತ್ತೆ ಕೇಳಿದಾಗ ಮಿಡ್‌ವೈಫ್ ಒಂದನ್ನು ತಂದು ತೋರಿಸಿದಳು. ಅಂಗೈಯಷ್ಟು ಅಗಲದ ಪ್ಲಾಸ್ಟಿಕ್ ಬಟ್ಟಲು, ಹಿಡಿಯಲ್ಲಿ ಗಾಳಿ ಹೀರುವ ಪಂಪು. ಅತ್ತೆ ಅದನ್ನು ತಮ್ಮ ತೋಳಿನ ಮೇಲೆ ಅಂಟಿಸಿಕೊಂಡು ಒತ್ತಿ ನೋಡಿದರು. ತೆಗೆದಾಗ ಕೆಂಪಗೆ ಬಳೆಯಂಥ ಗುರುತು ಎದ್ದಿತ್ತು. ಅದನ್ನು ಸೊಸೆಗೂ ತೋರಿಸಿದರು.

ಫೆಬ್ರವರಿಯ ಆ ಗುರುವಾರ ಬೆಳಿಗ್ಗೆಯಿಂದ ಎಲ್ಲ ಯೋಜನೆಯಂತೆಯೇ ನಡೆದಿತ್ತು. ಹಾಸಿಗೆಯ ತಲೆಯ ಕಡೆ ಗಂಡ, ಪಕ್ಕದಲ್ಲಿ ಅತ್ತೆ. ಜೊತೆಗೆ ಡಿಸೆಂಬರಿನಲ್ಲಿ ಕಂಡ ಅದೇ ಮಿಡ್‌ವೈಫ್. ಕೋಣೆಯ ಹೊರಗಿನ ಬೋರ್ಡಿನಲ್ಲಿ ಸೊಸೆಯ ಹೆಸರಿನ ಪಕ್ಕ ದಪ್ಪಗೆ, 'ಮಗುವಿನ ಲಿಂಗ ಹೇಳಬಾರದು' ಎಂದು ಬರೆದಿತ್ತು. ಅದನ್ನು ನಾನು ಒಳಗೆ ಹೋಗುವಾಗ ಓದಿದ್ದೆ. ಇಲ್ಲಿ ಅನೇಕರು ಹುಟ್ಟುವಾಗಿನ ಸಂತೋಷಕ್ಕೆಂದು ಲಿಂಗ ತಿಳಿಯಲು ಬಯಸುವುದಿಲ್ಲ. ಆ ಸಾಲು ಅಂಥದೇ ಸಾಲಿನ ಹಾಗೆ ಕಾಣುತ್ತಿತ್ತು. ರಕ್ತದ ವಿಷಯ ಫೈಲಿನೊಳಗೆ ಇತ್ತು.

ಮಿಡ್‌ವೈಫ್ ಊಟಕ್ಕೆ ಹೋದಳು. ಬದಲಿಗೆ ಇನ್ನೊಬ್ಬಳು ಬಂದಳು. ಸೊಸೆ ನೋವು ಬಂದಾಗಲೆಲ್ಲ ಉಸಿರು ಬಿಗಿಹಿಡಿದು ಮುಕ್ಕುತ್ತಿದ್ದಳು. ಮಗುವಿನ ಎದೆಬಡಿತ ತೋರಿಸುವ ಯಂತ್ರದ ಸದ್ದು ನನಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಅದು ನಿಧಾನವಾಯಿತು. ಮೇಲಕ್ಕೆ ಬರಬೇಕಾದಾಗ ಬರಲಿಲ್ಲ. ಬದಲಿಯವಳು ಸಹಾಯದ ಗಂಟೆ ಒತ್ತಿದಳು. ಬಾಗಿಲು ತೆರೆದು ಇಬ್ಬರು ಮೂವರು ನನ್ನ ಭುಜಕ್ಕೆ ತಾಗಿಕೊಂಡೇ ಒಳಗೆ ಹೋದರು. ಪಾಳಿಯ ವೈದ್ಯ ಬಂದ. ಆತನ ಧ್ವನಿ ಶಾಂತವಾಗಿತ್ತು: "ಮಗುವಿಗೆ ಸುಸ್ತಾಗುತ್ತಿದೆ. ಹೊರಗೆ ಬರಲು ಸಹಾಯ ಮಾಡುತ್ತೇನೆ." ನಾನು ಕನ್ನಡದಲ್ಲಿ ಹೇಳಿದೆ. ಸಹಾಯ ಎಂದರೆ ಏನೆಂದು ಆತ ಹೇಳಲಿಲ್ಲ. ಪ್ಲಾಸ್ಟಿಕ್ ಚೀಲ ಹರಿದ ಸದ್ದು ಕೇಳಿತು.

ಆಗ ಬಳೆಗಳು ಒಮ್ಮೆಲೇ ಸದ್ದು ಮಾಡಿದವು.

"ಹ್ವಾಯ್! ಅದ್ ಹಾಕುಕಾಗ! ಶಿಶಿನ ತಲಿಗೆ ಅದ್ ಹಾಕುಕಾಗ!"

ಇಂಥ ಹೊತ್ತಿನಲ್ಲಿ ದುಭಾಷಿ ಧ್ವನಿ ತಗ್ಗಿಸಿ, ಸಮಾಧಾನದಿಂದ ಹೇಳಬೇಕೆಂದು ನಮಗೆ ಕಲಿಸುತ್ತಾರೆ. ಕೂಗನ್ನು ಕೂಗಾಗಿ ತಿರುಗಿಸಬೇಡಿ, ಅರ್ಥವನ್ನು ತಿರುಗಿಸಿ ಎನ್ನುತ್ತಾರೆ. ಮೆಲ್ಲಗೆ ಹೇಳಿದ್ದರೆ ಅದು ಆ ಗದ್ದಲದಲ್ಲಿ ಒಬ್ಬ ಅಜ್ಜಿಯ ಗಾಬರಿಯಾಗಿ ಹೋಗುತ್ತಿತ್ತು. ನಾನು ಗೋಡೆಗೆ ಮುಖ ಮಾಡಿಕೊಂಡು, ಅವರು ಕೂಗಿದಷ್ಟೇ ಗಟ್ಟಿಯಾಗಿ ಇಂಗ್ಲಿಷಿನಲ್ಲಿ ಕೂಗಿದೆ. ಮಗುವಿನ ತಲೆಗೆ ಅದನ್ನು ಹಾಕಬಾರದು.

"ದಯವಿಟ್ಟು ಅವರನ್ನು ಹೊರಗೆ ಕರೆದೊಯ್ಯಿರಿ" ಎಂದ ವೈದ್ಯ.

ಅದನ್ನೂ ಹೇಳಬೇಕಾಯಿತು. "ದಯವಿಟ್ಟು ಹೊರಗೆ ಹೋಗಿ" ಎಂದೆ, ಕನ್ನಡದಲ್ಲಿ. ನನ್ನ ಬಾಯಿಂದ ಆ ಮಾತು ಬಂದದ್ದು ನನಗೆ ಈಗಲೂ ಕೇಳಿಸುತ್ತದೆ.

"ಹೋತಿಲ್ಲ! ರಕ್ತ ನಿಲ್ದಿದ್ರೆ ಯಾರ್ ನಿಲ್ಲಿಸ್ತ್ರ್? ಇವ್ರಾ?"

ಗಂಡನ ಧ್ವನಿಯೂ ಕೇಳಿತು. "ಬ್ಲಡ್" ಎಂದ, ಮತ್ತೆ "ಬ್ಲಡ್" ಎಂದ. ದಿನವಿಡೀ ಇಂಗ್ಲಿಷ್ ಮಾತಾಡುವವನ ಬಾಯಲ್ಲಿ ಆ ಹೊತ್ತಿಗೆ ಅದೊಂದೇ ಪದ ಉಳಿದಿತ್ತು. ನಾನು ಅತ್ತೆಯ ಮಾತನ್ನು ಹೇಳಿದೆ: "ನಾನು ಹೋಗುವುದಿಲ್ಲ. ರಕ್ತ ನಿಲ್ಲದಿದ್ದರೆ ಯಾರು ನಿಲ್ಲಿಸುತ್ತಾರೆ? ಇವರೇ?"

ಎಲ್ಲ ಸದ್ದೂ ನಿಂತಿತು, ಯಂತ್ರದ್ದೊಂದು ಬಿಟ್ಟು. ಬದಲಿ ಮಿಡ್‌ವೈಫ್, "ಯಾವ ರಕ್ತ?" ಎಂದಳು. ಹಾಳೆ ತಿರುವುವ ಸದ್ದು. ಆಮೇಲೆ ಅವಳೇ, "ನಿಲ್ಲಿ. ಡಾಕ್ಟರ್, ನಿಲ್ಲಿ" ಎಂದಳು. ಲೋಹದ ತಟ್ಟೆಯ ಮೇಲೆ ಏನನ್ನೋ ಇಟ್ಟ ಸದ್ದಾಯಿತು. ಹಿರಿಯ ವೈದ್ಯೆಯನ್ನು ಕರೆಯಿರಿ, ಆಪರೇಷನ್ ಕೋಣೆ ಸಿದ್ಧ ಮಾಡಿ ಎಂದು ಆತ ಹೇಳಿದ. ಧ್ವನಿ ಮೊದಲಿನಷ್ಟೇ ಶಾಂತವಾಗಿತ್ತು, ಆದರೆ ಬಹಳ ಸಣ್ಣದಾಗಿತ್ತು.

ಸೊಸೆಯನ್ನು ಎಡಮಗ್ಗುಲಿಗೆ ಹೊರಳಿಸಿದರು. ಎದೆಬಡಿತ ಮೆಲ್ಲಗೆ ಮೇಲೆ ಬಂತು. ಹಿರಿಯ ವೈದ್ಯೆ ಓಡಿ ಬಂದಳು, ಜೊತೆಗೆ ನಮ್ಮ ಮಿಡ್‌ವೈಫ್. ಪರೀಕ್ಷಿಸಿ, "ತಲೆ ಕೆಳಗೇ ಇದೆ. ಇನ್ನೆರಡು ನೋವು ನೋಡೋಣ. ಆಗದಿದ್ದರೆ ಆಪರೇಷನ್" ಎಂದಳು. ಆಮೇಲೆ ನಾನು ಹೇಳಿದ್ದೆಲ್ಲ ಒಂದೇ ಪದ. ಅವರು "ಪುಶ್" ಎಂದಾಗಲೆಲ್ಲ ನಾನು "ಮುಕ್ಕಿ" ಎಂದೆ. ಅತ್ತೆಯೂ ನನ್ನ ಜೊತೆ ಹೇಳತೊಡಗಿದರು, "ಮುಕ್ಕ್ ಹೆಣೆ, ಮುಕ್ಕ್."

ಕೂಸು ಅತ್ತಿತು.

ಯಾರೂ ಏನೂ ಹೇಳಲಿಲ್ಲ. ಎಲ್ಲರಿಗೂ ಅವಳ ಮಾತು ನೆನಪಿತ್ತು. ಯಾರೂ ಏನೂ ಹೇಳದ್ದರಿಂದ ನನಗೂ ಕೆಲಸವಿರಲಿಲ್ಲ. ಕೈಗವಸಿನ ಡಬ್ಬಿಗಳನ್ನು ನೋಡುತ್ತಾ ನಿಂತೆ. ಬಟ್ಟೆ ಸರಿದ ಸದ್ದು. ಅವಳು ನೋಡಿರಬೇಕು.

"ಅತ್ತೆ" ಎಂದಳು. "ಮುಟ್ಟಿ."

ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಒಂದೇ ಪದ.

ಪರದೆ ಸರಿಸಿಕೊಂಡು ಅತ್ತೆ ಸಿಂಕಿನ ಹತ್ತಿರ ಬಂದರು. ನಲ್ಲಿ ತಿರುಗಿಸಿ, ಏನೋ ನೆನಪಾಗಿ ನಿಲ್ಲಿಸಿದರು. ಸೋಪು ಹಚ್ಚಿಕೊಂಡು ಒಂದೊಂದಾಗಿ ಬಳೆ ಕಳಚಿದರು, ಎರಡೂ ಕೈಯದು. ಇಡಲು ಜಾಗವಿರಲಿಲ್ಲ. "ಹ್ವಾಯ್, ಹಿಡ್ಕಣಿ" ಎಂದು ನನ್ನ ಅಂಗೈಗೆ ಹಾಕಿ, ಕೈ ತೊಳೆದುಕೊಂಡು ಒಳಗೆ ಹೋದರು. ಒದ್ದೆ ಬಳೆಗಳು, ಬೆಚ್ಚಗಿದ್ದವು. ಅಂದು ಆ ಕೋಣೆಯಲ್ಲಿ ನಾನು ಕಣ್ಣಾರೆ ಕಂಡದ್ದು ಅಷ್ಟೇ. ಆಮೇಲೆ ಅವರು ಎಲ್ಲಿದ್ದಾರೆಂದು ಸದ್ದಿನಿಂದ ತಿಳಿಯಲಿಲ್ಲ.

ಗಂಡೆಂದು ನನಗೆ ತಿಳಿದದ್ದು ಮರುದಿನ, ಪರೀಕ್ಷೆಯ ಫಲವನ್ನು ಕನ್ನಡದಲ್ಲಿ ಹೇಳುವಾಗ. ಕಾಯಿಲೆ ಇತ್ತು, ತೀವ್ರವಾಗಿಯೇ ಇತ್ತು. ಆ ಬಟ್ಟಲು ಹಾಕಿದ್ದರೂ ಏನೂ ಆಗದೆ ಇರಬಹುದಿತ್ತು, ತಲೆಯೊಳಗೆ ರಕ್ತ ಹರಿಯಲೂಬಹುದಿತ್ತು ಎಂದು ರಕ್ತದ ತಜ್ಞ ಮರೆಮಾಚದೆ ಹೇಳಿದ. ಪಾಳಿಯ ವೈದ್ಯ ಬಂದು ಕ್ಷಮೆ ಕೇಳಿದ. ಬೋರ್ಡಿನ ಸಾಲನ್ನು ನೋಡಿ, ಸಂತೋಷಕ್ಕಾಗಿ ಬರೆಸಿದ್ದೆಂದು ತಿಳಿದೆ ಎಂದ. ಮೊದಲೇ ಗಂಡೆಂದು ತಿಳಿದಿದ್ದರೆ ಬೋರ್ಡಿನಲ್ಲಿ ಬೇರೆ ಸಾಲು ಇರುತ್ತಿತ್ತೇನೋ. ಅದನ್ನು ಸೊಸೆಯೂ ಯೋಚಿಸಿದ್ದಾಳೆ. "ಆದ್ರೂ ಹೆದ್ರದೆ ಮುಟ್ಟಿದ ಆ ತಿಂಗ್ಳುಗಳನ್ನ ನಾನ್ ವಾಪಸ್ ಕೊಡುದಿಲ್ಲ" ಎಂದಳು ಒಮ್ಮೆ. ಸರಿಯೋ ತಪ್ಪೋ ನಾನು ಹೇಳಲಾರೆ. ಆ ಆಸ್ಪತ್ರೆಯಲ್ಲಿ ಈಗ ಲಿಂಗದ ಮಾತನ್ನೂ ರಕ್ತದ ಅಪಾಯವನ್ನೂ ಬೋರ್ಡಿನ ಒಂದೇ ಸಾಲಿನಲ್ಲಿ ಬರೆಯುತ್ತಾರೆ.

ಪರದೆಯ ಆಚೆ ಇದ್ದು ಇದನ್ನೆಲ್ಲ ಕಣ್ಣಿಂದ ಕಂಡವರು ಬೇರೆಯವರು, ಎಲ್ಲರೂ ಇದ್ದಾರೆ. ಹಿರಿಯ ವೈದ್ಯೆ ಅಲ್ಲೇ ಇದ್ದಾಳೆ. ಪಾಳಿಯ ವೈದ್ಯ ಬೇರೆ ಊರಿಗೆ ಹೋದ. ಇಬ್ಬರು ಮಿಡ್‌ವೈಫ್‌ಗಳೂ ಎದುರಾದರೆ ತಲೆಯಾಡಿಸುತ್ತಾರೆ. ಅತ್ತೆ ವೀಸಾ ಮುಗಿದು ಊರಿಗೆ ಹೋದರು, ಗೊಂಬೆಯನ್ನೂ ಒಯ್ದರಂತೆ. ಗಂಡನಿಗೆ ಇಂಗ್ಲಿಷ್ ವಾಪಸ್ ಬಂದಿದೆ. ಮತ್ತೆ ಅವಳು, ಅವಳ ಮಗ.

ಕಳೆದ ತಿಂಗಳು ಅವನ ಕ್ಲಿನಿಕ್ಕಿಗೆ ನನ್ನನ್ನು ಕರೆದಿದ್ದರು. ಈಗ ಪರದೆ ಬೇಕಿಲ್ಲ. ಅವನಿಗೆ ನಡೆಯಲು ಬಂದಿದೆ. ಔಷಧಿಯನ್ನು ಕ್ರಮವಾಗಿ ಕೊಡುತ್ತಿದ್ದಾರೆ. ಕೋಣೆಯ ನಡುವೆ ನಾಲ್ಕು ಹೆಜ್ಜೆ ಹಾಕಿ ದೊಪ್ಪನೆ ಕೂತ. ನನ್ನ ಕೈ ತಾನಾಗಿಯೇ ಮುಂದೆ ಹೋಯಿತು. ತಾಯಿ ಕುರ್ಚಿಯ ಅಂಚಿಗೆ ಬಂದಳು, ಎತ್ತಿಕೊಳ್ಳಲು ಏಳಲಿಲ್ಲ. "ಏಳ್ ಮಗಾ" ಎಂದಳು.

ಅವನು ಎದ್ದ.